ಅತ್ತೆ, ಅಳಿಯ ಮತ್ತು ಸೀದ ಅನ್ನ

"ರೀ, ಇವತ್ತು ರಾತ್ರಿ ನಾನು ಬರೋಕಾಗಲ್ಲ," ಎಂದಳು ಹೆಂಡತಿ ಫೋನಿನಲ್ಲಿ. ಅವಳ ದನಿಯ ಹಿಂದೆ ಆಸ್ಪತ್ರೆಯ ಗಾಲಿ ಮಂಚವೊಂದು ಕಿರುಗುಟ್ಟುತ್ತಾ ಹೋಯಿತು. "ರಾತ್ರಿ ಪಾಳಿಯ ನರ್ಸಿಗೆ ಜ್ವರವಂತೆ. ವಾರ್ಡ್ ಬಿಟ್ಟು ಕದಲೋ ಹಾಗಿಲ್ಲ. ಅಮ್ಮಂಗೆ ಹೊತ್ತಿಗೆ ಸರಿಯಾಗಿ ಊಟ ಆಗ್ಬೇಕು, ಮಾತ್ರೆ ಇದೆ."

"ಊಟ ಅಂದ್ರೆ..."

"ಊಟ ಅಂದ್ರೆ ಊಟ. ಮಾಡಿ."

"ಊಟ ಮಾಡೋಕೆ ಬರುತ್ತೆ ಕಣೇ. ಅಡುಗೆ ಮಾಡೋಕೆ ತಾನೇ ಬರದೇ ಇರೋದು."

"ಪಕ್ಕದಲ್ಲೇ ಅಮ್ಮ ಕೂತಿದ್ದಾಳಲ್ಲ, ಕೇಳಿ. ಕೇಳಿದ್ರೆ ನಿಮ್ಮ ಗಂಟೇನೂ ಹೋಗಲ್ಲ." ಆಮೇಲೆ ದನಿ ತಗ್ಗಿಸಿ, "ಹೊರಗಿಂದು ಮಾತ್ರ ತರಬೇಡಿ. ಅವಳ ಹೊಟ್ಟೆಗೆ ಆಗಲ್ಲ," ಎಂದು ಫೋನಿಟ್ಟಳು.

ಅವನು ಸೋಫಾದ ಈ ತುದಿಯಲ್ಲಿದ್ದ. ಅತ್ತೆ ಕಿಟಕಿಯ ಪಕ್ಕ, ಬೆನ್ನು ನೆಟ್ಟಗೆ ಮಾಡಿಕೊಂಡು, ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅವರ ಬಲಗಣ್ಣಿನ ಪೊರೆ ತೆಗೆದು ಪ್ಲಾಸ್ಟಿಕ್ ಮುಚ್ಚಳ ಅಂಟಿಸಿದ್ದರು. ಎಡಗಣ್ಣಿಗೂ ಪೊರೆ ಬಂದು, ಅದರಲ್ಲಿ ನೋಡಿದರೆ ಲೋಕವೆಲ್ಲ ಹಬೆ ಹಿಡಿದ ಗಾಜಿನ ಆಚೆಗಿದ್ದಂತೆ ಕಾಣುತ್ತದೆ ಎಂದು ಅವರೇ ಮಗಳಿಗೆ ಹೇಳಿದ್ದರು. ಬಗ್ಗುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ ಎಂದು ಡಾಕ್ಟರು ತಾಕೀತು ಮಾಡಿದ್ದರು. ಅಳಿಯನ ಮನೆಯಲ್ಲಿ ಅವರು ಉಳಿದುಕೊಂಡದ್ದು ಇದೇ ಮೊದಲು. ಅದೂ ಮಗಳು ಹಟ ಹಿಡಿದು ಕರೆದುಕೊಂಡು ಬಂದದ್ದಕ್ಕೆ.

ಟೀವಿಯಲ್ಲಿ ಯಾರೋ ಕಾರು ಮಾರುತ್ತಿದ್ದರು. ಅವನು ಅದನ್ನು ಆರಿಸಿದ. ಆರಿಸಿದ ಮೇಲೆ ಮನೆ ಇನ್ನಷ್ಟು ಇಕ್ಕಟ್ಟಾಯಿತು.

ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವೆಲ್ಲ ಗುರುತಿಲ್ಲದ ಜನರ ಜೊತೆ ಮಾತಾಡುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅತ್ತೆಯ ಮುಂದೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಮದುವೆಯ ಮಾತಿಗೆಂದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅವರ ಮನೆಗೆ ಹೋಗಿದ್ದ ದಿನ, ಅತ್ತೆ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಮೇಲಿನ ಕೆಲಸ ನಿಮ್ದು?" ತಂದೆ ತಾಯಿ ಇಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದು, ಸ್ಪಾನರ್ ಹಿಡಿದು ಅನ್ನ ಹುಟ್ಟಿಸಿಕೊಂಡವನಿಗೆ ಆ ಪ್ರಶ್ನೆ ಕೆನ್ನೆಗೆ ಹೊಡೆದ ಹಾಗಾಯಿತು. ಅವನೂ ಬಿಡಲಿಲ್ಲ. "ಈ ಊರಲ್ಲಿ ನನಗಿಂತ ಮೇಲೆ ಹೋಗಿ ಕೆಲಸ ಮಾಡೋರು ಯಾರೂ ಇಲ್ಲ ಬಿಡಿ" ಎಂದುಬಿಟ್ಟ. ಅತ್ತೆ ಎದ್ದು ಒಳಗೆ ಹೋದರು. ಆಚೆ ಬರಲೇ ಇಲ್ಲ. ಕೊನೆಗೆ ಟೀ ತಂದುಕೊಟ್ಟವಳು ಮಗಳೇ.

ಮದುವೆಗೆ ಬಂದರು, ಕೈಯೆತ್ತಿ ಹರಸಿದರು, ಹೋದರು. ಅಲ್ಲಿಂದ ಇಲ್ಲಿಯವರೆಗೆ ಇಬ್ಬರ ನಡುವೆ "ಚೆನ್ನಾಗಿದ್ದೀರಾ" ಮತ್ತು "ಚೆನ್ನಾಗಿದ್ದೀನಿ" ಬಿಟ್ಟರೆ ಮೂರನೆಯ ಮಾತು ಹುಟ್ಟಿರಲಿಲ್ಲ. ಈಗಲೂ ಅವರಿಗೆ ನೀರು ಬೇಕಾದರೆ, ಅವನು ಎದುರಿಗೇ ಇದ್ದರೂ, ಮಗಳು ಬರುವವರೆಗೆ ಕಾಯುತ್ತಿದ್ದರು.

"ಅತ್ತೆ," ಎಂದ ಅವನು, ಗಂಟಲು ಸರಿಮಾಡಿಕೊಂಡು. "ಅವಳು ಇವತ್ತು ಬರಲ್ಲವಂತೆ. ಅಡುಗೆ ನಾನೇ ಮಾಡ್ಬೇಕು."

ಅತ್ತೆಯ ಮುಖ ದನಿ ಬಂದ ಕಡೆ ತಿರುಗಿತು. "ನೀವಾ?"

"ನಾನೇ."

"ನನಗೆ ಹಸಿವಿಲ್ಲ. ಎರಡು ಬಿಸ್ಕತ್ ತಿಂದು ಮಾತ್ರೆ ನುಂಗ್ತೀನಿ. ಸುಮ್ನೆ ನಿಮಗ್ಯಾಕೆ ತೊಂದರೆ."

"ತೊಂದರೆ ಏನಿಲ್ಲ. ಬರಲ್ಲ ಅಷ್ಟೇ."

ಅತ್ತೆಯ ತುಟಿಯ ಮೂಲೆ ಒಂದು ಎಳೆಯಷ್ಟು ಅಲುಗಿತು. ನಕ್ಕರೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. "ಬೇಳೆ ಬೇಯೋಕೆ ಹೊತ್ತಾಗುತ್ತೆ. ಮನೇಲಿ ಈರುಳ್ಳಿ, ಟೊಮೆಟೊ ಇದೆಯಾ?"

"ಇದೆ. ಮೊಟ್ಟೇನೂ ಇದೆ."

"ಹಾಗಾದ್ರೆ ಅನ್ನಕ್ಕಿಡಿ ಮೊದಲು. ಇಬ್ಬರಿಗೆ ಒಂದು ಲೋಟ ಅಕ್ಕಿ."

ಅವನು ಊಟದ ಮೇಜಿನ ಕುರ್ಚಿಯೊಂದನ್ನು ತಂದು ಅಡುಗೆಮನೆಯ ಬಾಗಿಲಲ್ಲಿ ಹಾಕಿದ. ಅತ್ತೆ ಗೋಡೆ ಸವರಿಕೊಂಡು ಬಂದು ಕೂತರು. ಕೈ ಕೊಡಲೇ ಎಂದು ಕೇಳಬೇಕೆನ್ನಿಸಿದರೂ ಕೇಳಲಿಲ್ಲ. ಅಡುಗೆಮನೆ ಎಂದರೆ ಇಬ್ಬರು ಒಟ್ಟಿಗೆ ನಿಂತರೆ ಒಬ್ಬರು ಉಸಿರು ಎಳೆದಾಗ ಇನ್ನೊಬ್ಬರು ಬಿಡಬೇಕು, ಅಷ್ಟೇ ಜಾಗ. ಆ ಬಾಗಿಲಿನಿಂದ ಒಲೆ ಮೂರು ಹೆಜ್ಜೆ ದೂರ.

ಅಕ್ಕಿ ತೊಳೆದ. ಪಾತ್ರೆಗೆ ಹಾಕಿದ. "ನೀರು ಎಷ್ಟು?"

"ಅಕ್ಕಿ ಮೇಲೆ ಬೆರಳಿಡಿ. ಒಂದು ಗೆಣ್ಣು ಮುಳುಗಬೇಕು."

ಅವನು ತನ್ನ ಬೆರಳು ನೋಡಿಕೊಂಡ. ಗ್ರೀಸು ತಿಂದು ತಿಂದು ದಪ್ಪಗಾದ ಬೆರಳು. "ನನ್ನ ಗೆಣ್ಣೋ, ನಿಮ್ಮ ಗೆಣ್ಣೋ?"

ಅತ್ತೆ ಒಂದು ಗಳಿಗೆ ಯೋಚಿಸಿದರು. "ಅದೂ ಸರಿಯೇ. ನಾನು ಬೇರೆಯವರ ಬೆರಳಿಗೆ ಯಾವತ್ತೂ ಅಡುಗೆ ಹೇಳಿಕೊಟ್ಟಿಲ್ಲ. ನಿಮ್ಮದೇ ಇಡಿ, ಒಂಚೂರು ಕಮ್ಮಿ ಮಾಡಿ."

ಒಲೆ ಹಚ್ಚಿ ಅನ್ನಕ್ಕಿಟ್ಟು, ಈರುಳ್ಳಿ ಹೆಚ್ಚಲು ಕೂತ. ಕಣ್ಣಲ್ಲಿ ನೀರು ಧಾರಾಕಾರ. ಅತ್ತೆ ಕಿವಿ ಕೊಟ್ಟು ಕೇಳುತ್ತಿದ್ದರು. "ಏನು, ಈರುಳ್ಳಿ ಹೆಚ್ಚುತ್ತಿದ್ದೀರೋ, ಅಳತೆ ತಗೋತಿದ್ದೀರೋ? ಚಾಕು ಸದ್ದು ಗಂಟೆಗೊಂದು ಸಲ ಬರ್ತಿದೆ."

"ಎಲ್ಲಾ ಒಂದೇ ಸೈಜು ಬರಲಿ ಅಂತ..."

"ಹೊಟ್ಟೆಗೆ ಹೋದ ಮೇಲೆ ಅಲ್ಲಿ ಯಾರೂ ಸೈಜು ನೋಡಲ್ಲ. ಬೇಗ ಬೇಗ ಹೆಚ್ಚಿ."

ಅಷ್ಟರಲ್ಲಿ ಕಂಪನಿಯ ಫೋನು ಬಡಿದುಕೊಂಡಿತು.

ಅವನ ಬಳಿ ಎರಡು ಫೋನಿದ್ದವು. ಒಂದು ಅವನದು. ಇನ್ನೊಂದು ಕಂಪನಿಯದು, ಲಿಫ್ಟಿನೊಳಗೆ ಯಾರಾದರೂ ಕೆಂಪು ಗುಂಡಿ ಒತ್ತಿದರೆ ಕರೆ ನೇರವಾಗಿ ಬಂದು ಬೀಳುವ ಫೋನು. ಅತ್ತೆ ಮನೆಯಲ್ಲಿರುವಷ್ಟು ದಿನ ಅವನು ಮತ್ತು ಅವನ ಜೊತೆಗಾರ ಒಂದು ಒಪ್ಪಂದ ಮಾಡಿಕೊಂಡಿದ್ದರು. ಸಂಜೆಯ ಮೇಲೆ ಫೋನು ಇವನಿಗೆ, ಓಡಾಟ ಅವನಿಗೆ. ಜೊತೆಗಾರ ಎಷ್ಟು ಉದ್ದವೆಂದರೆ ಕಂಪನಿಯಲ್ಲಿ ಯಾರೂ ಅವನ ನಿಜವಾದ ಹೆಸರು ಬಳಸುತ್ತಿರಲಿಲ್ಲ, ಜಿರಾಫೆ ಎನ್ನುತ್ತಿದ್ದರು.

"ಹಲೋ! ಯಾರಾದ್ರೂ ಇದ್ದೀರಾ? ಲಿಫ್ಟ್ ನಿಂತುಬಿಟ್ಟಿದೆ! ಲೈಟು ಹೋಗಿದೆ! ನಾನೊಬ್ಬಳೇ ಇದ್ದೀನಿ!"

ಹೆಂಗಸಿನ ದನಿ. ಗಾಜು ಬಿರುಕು ಬಿಟ್ಟ ಹಾಗೆ ತೆಳ್ಳಗಿತ್ತು.

ಅವನು ಚಾಕು ಕೆಳಗಿಟ್ಟ. "ಇದ್ದೀನಮ್ಮ, ಇಲ್ಲೇ ಇದ್ದೀನಿ. ಯಾವ ಬಿಲ್ಡಿಂಗು?" ಅವಳು ಹೇಳಿದಳು. ದಾರಿಯ ಆ ಕಡೆ ಔಷಧಿ ಅಂಗಡಿ ಇರುವ ಹಳೇ ಕಟ್ಟಡ. "ಗೊತ್ತು, ಗೊತ್ತು. ಆ ಲಿಫ್ಟು ನನ್ನ ಕೈಯಲ್ಲೇ ಬೆಳೆದದ್ದು. ಸ್ವಲ್ಪ ಮೊಂಡು, ಕೆಟ್ಟದ್ದಲ್ಲ. ಈಗ ನಮ್ಮವನೊಬ್ಬ ಬರ್ತಾನೆ. ನೀವು ಬಾಗಿಲು ತೆಗೆಯೋಕೆ ಹೋಗ್ಬೇಡಿ. ನೆಲದ ಮೇಲೆ ಕೂತ್ಕೊಳ್ಳಿ."

"ಬೀಳುತ್ತಾ? ಇದು ಬೀಳುತ್ತಾ?"

"ಬೀಳಲ್ಲ."

"ಫೋನ್ ಇಡಬೇಡಿ! ದಯವಿಟ್ಟು ಇಡಬೇಡಿ!"

ಇಡುವಂತಿರಲಿಲ್ಲ. ಆದರೆ ಜಿರಾಫೆ ಆ ಕಟ್ಟಡದ ಮೋಟರ್ ಕೋಣೆಯನ್ನು ಎಂದೂ ನೋಡಿದವನಲ್ಲ. ಅಲ್ಲಿನ ಬ್ರೇಕು ಹಳೇ ಕಾಲದ್ದು. ಅವನಿಗೆ ಇನ್ನೊಂದು ಫೋನಿನಲ್ಲಿ ಹೆಜ್ಜೆ ಹೆಜ್ಜೆಯನ್ನೂ ಹೇಳಿಕೊಡಬೇಕು. ಒಂದು ಬಾಯಿ, ಎರಡು ಫೋನು. ಇವನು ಅತ್ತ ಇತ್ತ ನೋಡಿದ. ಬಾಗಿಲಲ್ಲಿ ಅತ್ತೆ ಕೂತಿದ್ದರು, ತಲೆ ಸ್ವಲ್ಪ ಮುಂದಕ್ಕೆ ಚಾಚಿಕೊಂಡು.

ಹಿಂದೆ ಮುಂದೆ ನೋಡದೆ ಕಂಪನಿಯ ಫೋನನ್ನು ಅವರ ಕೈಯಲ್ಲಿಟ್ಟ. "ಅತ್ತೆ, ಇವರ ಜೊತೆ ಮಾತಾಡ್ತಾ ಇರಿ. ಏನಾದ್ರೂ ಮಾತಾಡಿ. ನಿಲ್ಲಿಸಬೇಡಿ ಅಷ್ಟೇ."

"ನಾನಾ? ನಾನೇನಂತ..."

ಆದರೆ ಅವನಾಗಲೇ ತನ್ನ ಫೋನಿನಲ್ಲಿ, "ಜಿರಾಫೆ, ಎಲ್ಲಿದ್ದೀಯೋ ಮಾರಾಯ?" ಎನ್ನುತ್ತಿದ್ದ.

ಅತ್ತೆ ಜೀವಮಾನವೆಲ್ಲ ಶಿಶುವಿಹಾರದಲ್ಲಿ ಕೆಲಸ ಮಾಡಿದವರು. ಬೆಳಿಗ್ಗೆ ಅಮ್ಮಂದಿರು ಬಿಟ್ಟುಹೋದಾಗ ಬಾಗಿಲಿಗೆ ಹಣೆ ಒತ್ತಿ ಅಳುವ ಮಕ್ಕಳನ್ನು ಸಮಾಧಾನ ಮಾಡುವುದೇ ಅವರ ಕಸುಬಾಗಿತ್ತು. ಫೋನನ್ನು ಕಿವಿಗೆ ಒತ್ತಿಕೊಂಡ ಕೂಡಲೇ ಅವರ ದನಿ ಬದಲಾಯಿತು. ಅಳಿಯ ಎಂದೂ ಕೇಳದ ದನಿ.

"ಹಲೋ, ಏನಮ್ಮಾ? ಹೆದರಿಕೆ ಆಯ್ತಾ? ಆಗುತ್ತೆ, ಯಾರಿಗಾದ್ರೂ ಆಗುತ್ತೆ. ಕೂತ್ಕೊಂಡ್ರಾ?"

"ಕೂತ್ಕೋಬೇಕಂತೆ, ಆದ್ರೆ ಚೀಲದಲ್ಲಿ ಮೊಟ್ಟೆ ಇದೆ," ಎಂದಿತು ಆ ತೆಳು ದನಿ.

"ಮೊಟ್ಟೆ ಪಕ್ಕಕ್ಕಿಟ್ಟು ಕೂತ್ಕೊಳ್ಳಿ. ಅದರ ಮೇಲೆ ಕೂತ್ಕೋಬೇಡಿ ಮತ್ತೆ."

ಒಂದು ಸಣ್ಣ ನಗೆಯೋ ಬಿಕ್ಕೋ ಕೇಳಿಸಿತು. ಅತ್ತೆ ಬಿಡಲಿಲ್ಲ. ಏನು ಕೆಲಸ ಮಾಡುತ್ತೀರಿ, ಮನೆಯಲ್ಲಿ ಯಾರಿದ್ದಾರೆ ಎಂದು ಒಂದೊಂದಾಗಿ ಕೇಳಿದರು. ಅವಳು ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುವ ಟೀಚರ್. ಮನೆಯಲ್ಲಿ ಅವಳು, ಅವಳ ಗಂಡ, ಇಬ್ಬರೇ. ಗಂಡ ಇನ್ನೂ ಬಂದಿಲ್ಲ. ನಡುವೆ ಲಿಫ್ಟು ಏನೋ ಕಟಕಟ ಎಂದಿತು. ಟೀಚರ್ ಚೀರಿದಳು. "ಅಲುಗಾಡ್ತು! ಬೀಳುತ್ತೆ! ಬಿದ್ದೇ ಬೀಳುತ್ತೆ!"

ಅತ್ತೆಯ ಫೋನು ಹಿಡಿದ ಕೈ ಗಟ್ಟಿಯಾಯಿತು. ಮುಖ ಅಳಿಯನ ಕಡೆ ತಿರುಗಿತು. "ಅಳಿಯಂದಿರೇ, ಬೀಳುತ್ತಾ ಅಂತ ಕೇಳ್ತಿದ್ದಾರೆ."

"ಜಿರಾಫೆ ಅಲ್ಲಿಗೆ ಬಂದಾಯ್ತು. ಅದು ಅವನು ಮೇಲೆ ಮೇನ್ ಸ್ವಿಚ್ಚು ಆರಿಸಿದ ಸದ್ದು," ಎಂದ ಅವನು. "ಹೇಳಿ ಅತ್ತೆ, ಬೀಳಲ್ಲ. ಒಂದಲ್ಲ, ಐದು ಉಕ್ಕಿನ ಹಗ್ಗ ಇದೆ. ಒಂದೇ ಸಾಕು ಇಡೀ ಲಿಫ್ಟು ಹೊರೋಕೆ."

"ಐದು ಹಗ್ಗ ಇದೆಯಂತಮ್ಮ. ಒಂದೇ ಸಾಕಂತೆ," ಎಂದರು ಅತ್ತೆ ಫೋನಿಗೆ. ಆಮೇಲೆ ಫೋನನ್ನು ಎದೆಗೆ ಒತ್ತಿಕೊಂಡು, ಅವಳಿಗೆ ಕೇಳದ ಹಾಗೆ, "ಐದೂ ಹರಿದ್ರೆ?" ಎಂದರು. ಅದು ಟೀಚರ್ ಕೇಳಿದ ಪ್ರಶ್ನೆಯಾಗಿರಲಿಲ್ಲ.

ಅವನು ಒಂದು ಕ್ಷಣ ಅವರ ಮುಖವನ್ನೇ ನೋಡಿದ. "ಐದೂ ಹರಿದ್ರೂ ಬೀಳಲ್ಲ. ಲಿಫ್ಟಿನ ಕೆಳಗಡೆ ಎರಡು ಕಡೆ ಉಕ್ಕಿನ ದವಡೆ ಇದೆ. ಲಿಫ್ಟು ಬೇಗ ಇಳಿಯೋಕೆ ಶುರುಮಾಡಿದ ತಕ್ಷಣ ಅವು ಪಕ್ಕದ ಹಳಿ ಕಚ್ಚಿ ಹಿಡಿಯುತ್ತವೆ. ನಾಯಿ ಎಲುಬು ಕಚ್ಚಿದ ಹಾಗೆ. ಬಿಡು ಅಂದ್ರೂ ಬಿಡಲ್ಲ."

ಅತ್ತೆ ಫೋನನ್ನು ಮತ್ತೆ ಕಿವಿಗಿಟ್ಟುಕೊಂಡರು. "ಕೇಳಿ ಇಲ್ಲಿ. ಹಗ್ಗ ಹರಿದ್ರೂ ಬೀಳಲ್ವಂತೆ. ಕೆಳಗೆ ದವಡೆ ಇದೆಯಂತೆ, ಹಳಿ ಕಚ್ಚಿ ಹಿಡ್ಕೊಳ್ಳುತ್ತಂತೆ." ಸ್ವಲ್ಪ ತಡೆದು, ಮತ್ತೊಮ್ಮೆ, ಈ ಸಲ 'ಅಂತೆ' ಇಲ್ಲದೆ ಹೇಳಿದರು. "ಹಗ್ಗ ಹರಿದ್ರೂ ಬೀಳಲ್ಲ."

ಅವನು ಮತ್ತೆ ಜಿರಾಫೆಯ ಕಡೆ ತಿರುಗಿದ. ಬ್ರೇಕಿನ ಹಿಡಿ ಗೋಡೆಗೆ ನೇತುಹಾಕಿದೆ ನೋಡು, ಕೆಂಪು ಬಣ್ಣದ್ದು. ಹಾಕಿದೆಯಾ? ಈಗ ಒತ್ತು, ಬಿಡು. ಒತ್ತು, ಬಿಡು. ಒಂದೇ ಸಲ ಎಳೆಯಬೇಡ. ಹಗ್ಗದ ಮೇಲಿನ ಹಳದಿ ಗುರುತು ನೋಡ್ತಾ ಇರು, ಅದು ಬಂದ್ರೆ ಲಿಫ್ಟು ಮಹಡಿ ಮಟ್ಟಕ್ಕೆ ಬಂತು ಅಂತ.

ಅತ್ತೆ ಇದ್ದಕ್ಕಿದ್ದಂತೆ ಮೂಗು ಅರಳಿಸಿದರು. ಆಮೇಲೆ ಬೀದಿಗೆ ಕೇಳುವಂತೆ ಕೂಗಿದರು. "ಅನ್ನ ಸೀದು ಹೋಗ್ತಿದೆ! ಒಲೆ ಆರಿಸೋ!"

ಅವನು ಹಾರಿಹೋಗಿ ಒಲೆ ಆರಿಸಿದ. ಪಾತ್ರೆಯಿಂದ ಕಂದು ಹೊಗೆ ಏಳುತ್ತಿತ್ತು. ಒಲೆ ಆರಿಸಿದ ಮೇಲೆ ಅವನಿಗೆ ಹೊಳೆಯಿತು: ಅತ್ತೆ "ಆರಿಸಿ" ಅನ್ನಲಿಲ್ಲ, "ಆರಿಸೋ" ಅಂದರು.

"ಯಾರಿಗೆ ಹಾಗೆ ಕೂಗಿದ್ರಿ?" ಎಂದು ಲಿಫ್ಟಿನಿಂದ ದನಿ ಬಂತು.

"ನಮ್ಮ ಅಳಿಯನಿಗೆ. ಅಡುಗೆ ಮಾಡ್ತಿದ್ದಾರೆ."

"ಅಳಿಯ ಅಡುಗೆ ಮಾಡ್ತಿದ್ದಾರಾ? ಅದೂ ಲಿಫ್ಟ್ ರಿಪೇರಿ ಮಾಡ್ಕೊಂಡು?" ಟೀಚರ್ ಈ ಸಲ ನಿಜವಾಗಿಯೂ ನಕ್ಕಳು. ಬಿಕ್ಕಳಿಕೆಯ ಜೊತೆ ನಕ್ಕಳು. "ಅಮ್ಮಾ, ತಳ ಕೆದಕಬೇಡಿ ಅಂತ ಹೇಳಿ. ಮೇಲಿನ ಅನ್ನ ಬೇರೆ ಪಾತ್ರೆಗೆ ತೆಗೆದು, ಅದರ ಮೇಲೆ ಒಂದು ಈರುಳ್ಳಿ ಹೋಳು ಇಟ್ಟು ಮುಚ್ಚೋಕೆ ಹೇಳಿ. ಸೀದ ವಾಸನೆ ಹೋಗುತ್ತೆ. ಏನು ಮಾಡ್ತಿದ್ದೀರಿ ಅನ್ನಕ್ಕೆ?"

"ಈರುಳ್ಳಿ ಟೊಮೆಟೊ ಬಾಡಿಸಿ, ಮೊಟ್ಟೆ ಬೇಯಿಸಿ ಹಾಕೋಣ ಅಂತ."

"ಬೇರೆ ಬೇಯಿಸೋದು ಯಾಕೆ? ಟೊಮೆಟೊ ಚೆನ್ನಾಗಿ ಕರಗಿದ ಮೇಲೆ ಅದರಲ್ಲೇ ಸೌಟಿನಿಂದ ಗುಳಿ ಮಾಡಿ, ಒಂದೊಂದು ಗುಳಿಗೆ ಒಂದೊಂದು ಮೊಟ್ಟೆ ಒಡೆದು ಹಾಕಿ. ಕದಡಬಾರದು. ಮುಚ್ಚಿಡಿ. ನಾವು ಹಾಗೇ ಮಾಡೋದು. ಇವತ್ತೂ ಅದನ್ನೇ ಮಾಡೋಣ ಅಂತ ಮೊಟ್ಟೆ ತಗೊಂಡೆ..."

ಅವಳ ಮಾತು ನಿಂತಿತು. ಲಿಫ್ಟು ಅಲುಗಾಡಿ, ಮೆಲ್ಲಗೆ, ನಿಂತು ನಿಂತು ಕೆಳಗಿಳಿಯತೊಡಗಿತ್ತು. "ಅಮ್ಮಾ..."

"ಅದು ನಮ್ಮವರೇ ಇಳಿಸ್ತಿರೋದು. ಮೆಟ್ಟಿಲು ಇಳಿದ ಹಾಗೆ ಅಂದ್ಕೊಳ್ಳಿ. ಉಸಿರು ಬಿಡಿ. ಕಾಳುಮೆಣಸು ಹಾಕ್ತೀರಾ ಅದಕ್ಕೆ?"

"ಹಾ... ಹಾಕ್ತೀವಿ."

"ಬೆಳ್ಳುಳ್ಳಿ?"

"ಎರಡು ಎಸಳು. ಜಾಸ್ತಿ ಆದ್ರೆ ಇವರಿಗೆ ಸೇರಲ್ಲ."

ಆಮೇಲೆ ಬಾಗಿಲು ಸರಿದ ಸದ್ದು, ಯಾರೋ ಗಂಡಸರು ಒಟ್ಟಿಗೆ ಮಾತಾಡಿದ ಗದ್ದಲ. ಬಹಳ ಹೊತ್ತಿನ ಮೇಲೆ ಲಿಫ್ಟಿನ ಬಾಗಿಲಿಂದ ಟೀಚರಿನ ದನಿ ಮತ್ತೆ ಬಂತು, ತುಂಬಿಕೊಂಡು. "ಬಂದೆ ಅಮ್ಮಾ. ಹೊರಗೆ ಬಂದೆ. ಮೊಟ್ಟೆ ಒಂದೂ ಒಡೆದಿಲ್ಲ." ಫೋನು ಕಟ್ಟಾಯಿತು.

ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಬೆನ್ನು ನೆಟ್ಟಗಿರಲಿಲ್ಲ ಈಗ. ಅಳಿಯ ನೀರು ತಂದುಕೊಟ್ಟ. ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿದರು.

"ನೀವಿಲ್ಲದಿದ್ರೆ ಆಗ್ತಾನೇ ಇರಲಿಲ್ಲ ಅತ್ತೆ."

"ನಾನೇನು ಮಾಡಿದೆ, ಬಾಯಿ ಬಡ್ಕೊಂಡೆ ಅಷ್ಟೇ." ಆಮೇಲೆ ಲೋಟ ಹಿಂದಕ್ಕೆ ಕೊಟ್ಟು, "ಆಗ ಗಾಬರೀಲಿ ಆರಿಸೋ ಅಂದುಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ," ಎಂದರು.

"ಹಚ್ಕೊಂಡಾಯ್ತು," ಎಂದ ಅವನು. "ಇನ್ಮೇಲೆ ಹಾಗೇ ಕರೀರಿ. ಸೋದರಮಾವ ಹೋದ ಮೇಲೆ ನನ್ನನ್ನ ಯಾರೂ ಹಾಗೆ ಗದರಿಸಿಲ್ಲ."

ಟೀಚರ್ ಹೇಳಿದ ಉಪಾಯವನ್ನು ಅತ್ತೆ ಹೇಳಿಕೊಟ್ಟರು; ಅವನು ಮೇಲಿನ ಅನ್ನ ಬೇರೆ ಪಾತ್ರೆಗೆ ತೆಗೆದು, ಈರುಳ್ಳಿ ಹೋಳಿಟ್ಟು ಮುಚ್ಚಿದ. ಬಾಣಲೆ ಇಟ್ಟು ಎಣ್ಣೆ ಹಾಕಿದ. ಈರುಳ್ಳಿ ಬಿದ್ದ ಸದ್ದಿಗೇ ಅವರು, "ಎಣ್ಣೆ ಇನ್ನೂ ಕಾದಿಲ್ಲ, ಇರಲಿ," ಎಂದರು. ಬಣ್ಣ ಹೇಳಿ ಎಂದರು. ಗೋಧಿ ಬಣ್ಣ ಅಂದ. ಇನ್ನೂ ಸ್ವಲ್ಪ ಎಂದರು. ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಟೊಮೆಟೊ ಹಾಕಿ, ಉಪ್ಪು ಹಾಕಿ, ಅದು ಕರಗಿ ಗೊಟಗೊಟ ಎನ್ನುವವರೆಗೆ ಕೈಯಾಡಿಸಿದ.

"ಒಂದು ಮಾತು ಕೇಳ್ಲಾ?" ಎಂದರು ಅತ್ತೆ.

"ಕೇಳಿ."

"ಲಿಫ್ಟಿನ ಒಳಗಿರೋರು ಬೀಳಲ್ಲ, ಸರಿ. ನೀವು ಒಳಗಿರಲ್ವಲ್ಲ. ಮೇಲೆ ನಿಂತಿರ್ತೀರಿ. ಲಿಫ್ಟು ಓಡಾಡೋ ಜಾಗ ಬಾವಿ ತರಹ ಇರುತ್ತಂತೆ."

ಅವನು ಸೌಟು ಹಿಡಿದು ನಿಂತ. ಏನಾಗಲ್ಲ ಬಿಡಿ ಎಂದು ಹೇಳುವುದು ಸುಲಭವಿತ್ತು. ಹೆಂಡತಿಗೆ ಎಷ್ಟೋ ಸಲ ಹಾಗೇ ಹೇಳಿದ್ದ. ಯಾಕೋ ಈಗ ಬಾಯಿ ಬರಲಿಲ್ಲ. "ಅಪಾಯ ಇಲ್ಲ ಅಂತ ಹೇಳಲ್ಲ ಅತ್ತೆ. ಇದೆ. ಸೊಂಟಕ್ಕೆ, ಭುಜಕ್ಕೆ ಬೆಲ್ಟು ಹಾಕ್ತೀವಿ. ಅದಕ್ಕೆ ಎರಡು ಕೊಕ್ಕೆ. ಒಂದು ಬಿಚ್ಚಬೇಕಾದ್ರೆ ಇನ್ನೊಂದು ಸಿಕ್ಕಿಸಿರಲೇಬೇಕು. ಶುರುವಿನಲ್ಲಿ ಸೋಮಾರಿತನ ಮಾಡ್ತಿದ್ದೆ. ಈಗ ಮಾಡಲ್ಲ. ಜಿರಾಫೆ ಮಾಡಿದ್ರೆ ಬಯ್ತೀನಿ. ಹೆದರಿಕೆ ಇಟ್ಕೊಂಡೇ ಹೋಗ್ತೀನಿ, ಇಟ್ಕೊಂಡೇ ಬರ್ತೀನಿ."

ಅತ್ತೆ ತಲೆ ಆಡಿಸಿದರು. ಒಮ್ಮೆ ಅಲ್ಲ, ಮತ್ತೆ ಮತ್ತೆ.

"ಅವಳಪ್ಪ ಒಂದು ದಿನಾನೂ ಹೀಗೆ ಹೇಳಲಿಲ್ಲ," ಎಂದರು. "ದೊಡ್ಡ ದೊಡ್ಡ ಬಿಲ್ಡಿಂಗಿಗೆ ಬಣ್ಣ ಬಳೀತಿದ್ರು. ಮೇಲಿಂದ ಹಗ್ಗ ಇಳಿಬಿಟ್ಟು, ಹಲಗೆ ಕಟ್ಟಿ, ಅದರ ಮೇಲೆ ಕೂತು. ಕೇಳಿದ್ರೆ, ಹಗ್ಗ ಗಟ್ಟಿ ಇದೆ ಕಣೇ, ಏನಾಗಲ್ಲ ಬಿಡು ಅನ್ನೋರು. ದಿನಾ ಅದೇ ಮಾತು. ಅವತ್ತೂ ಅದನ್ನೇ ಹೇಳಿ ಹೋದ್ರು."

ಅವನು ಒಲೆಯ ಉರಿ ತಗ್ಗಿಸಿದ. "ರಸ್ತೆ ಆಕ್ಸಿಡೆಂಟು ಅಂತ ಇವಳು..."

"ನಾನೇ ಹಾಗೆ ಹೇಳಿದ್ದು. ಇನ್ನೂ ಅಂಗನವಾಡಿಗೆ ಹೋಗೋ ಮಗು ಅದು. ಆ ಬಿಲ್ಡಿಂಗಿನ ಮುಂದೇನೇ ದಿನಾ ನಡ್ಕೊಂಡು ಹೋಗ್ಬೇಕಿತ್ತು. ನಿಜ ಗೊತ್ತಾದ್ರೆ ದಿನಾ ತಲೆ ಎತ್ತಿ ಮೇಲೆ ನೋಡುತ್ತೆ. ಅದು ನೋಡೋದನ್ನ ನಾನು ನೋಡ್ಬೇಕು. ನನ್ನಿಂದ ಆಗ್ತಿರಲಿಲ್ಲ. ಆಮೇಲೆ ದೊಡ್ಡವಳಾದಳು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಹಾಗೇ ಉಳೀತು."

ಬಾಣಲೆಯೊಳಗೆ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಅವನಿಗೆ ಒಂದು ಹಳೆಯ ಪ್ರಶ್ನೆ ಎದೆಯಲ್ಲಿ ಮಗ್ಗುಲು ಬದಲಿಸಿತು. "ಅತ್ತೆ, ನಾನು ಮೊದಲ ಸಲ ಮನೆಗೆ ಬಂದಾಗ ಎಷ್ಟು ಮೇಲಿನ ಕೆಲಸ ಅಂತ ಕೇಳಿದ್ರಲ್ಲ..."

"ಹೂಂ. ಎಷ್ಟು ಮಹಡಿ ಮೇಲೆ ಅಂತ ಕೇಳಿದ್ದು."

"ನಾನು, ಎಷ್ಟು ದೊಡ್ಡ ಹುದ್ದೆ ಅಂತ ಕೇಳಿದ್ರಿ ಅಂದ್ಕೊಂಡೆ."

ಅತ್ತೆ ಒಂದು ಗಳಿಗೆ ಬಾಯಿ ತೆರೆದುಕೊಂಡೇ ಕೂತರು. "ಅದಕ್ಕೇನಾ ಹಾಗೆ ಹೇಳಿದ್ದು? ನನಗಿಂತ ಮೇಲೆ ಹೋಗೋರು ಯಾರೂ ಇಲ್ಲ ಅಂತ?"

"ಕೋಪ ಬಂತು. ಜಂಬ ಕೊಚ್ಕೊಂಡೆ."

"ಅಯ್ಯೋ ದೇವರೇ! ನನಗೆ ಅಲ್ಲೇ ಕಾಲು ನಡುಗೋಕೆ ಶುರುವಾಯ್ತು. ಒಳಗೆ ಹೋಗಿ ಅಕ್ಕಿ ಡಬ್ಬ ಹಿಡ್ಕೊಂಡು ನಿಂತುಬಿಟ್ಟೆ. ಇಡೀ ಊರಲ್ಲಿ ಹುಡುಕಿ ಹುಡುಕಿ ಎಲ್ಲರಿಗಿಂತ ಮೇಲೆ ಹತ್ತೋ ಗಂಡನ್ನೇ ತಂದಿದ್ದಾಳಲ್ಲ ಇವಳು ಅಂತ!"

ಮೊದಲು ನಕ್ಕದ್ದು ಯಾರು ಎಂದು ಹೇಳುವುದು ಕಷ್ಟ. ಅವನು ಒಲೆಯ ಕಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ಕಣ್ಣಿಗೆ ಕೈ ಒಯ್ದು, ನೆನಪಾಗಿ ತಟ್ಟನೆ ಕೆಳಗಿಳಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಗು ನಿಂತಿತು ಎನ್ನುವಾಗ ಒಬ್ಬರು "ಎಷ್ಟು ಮೇಲಿನ ಕೆಲಸ" ಎನ್ನುವುದು, ಮತ್ತೆ ಇಬ್ಬರೂ ಶುರು.

"ಸಾಕು, ಸಾಕು. ಹೊಲಿಗೆ ಹಾಕಿದ ಕಣ್ಣು, ಕಿತ್ತು ಬಂದೀತು," ಎಂದರು ಅತ್ತೆ ಏದುಸಿರು ಬಿಡುತ್ತಾ. "ಮೊಟ್ಟೆ ಒಡೆದು ಹಾಕು."

ಅವನು ಸೌಟಿನ ಬೆನ್ನಿನಿಂದ ನಾಲ್ಕು ಗುಳಿ ಮಾಡಿದ. ಮೊದಲನೆಯ ಮೊಟ್ಟೆಯ ಹಳದಿ ಒಡೆದು ಹರಿಯಿತು, ಉಳಿದ ಮೂರು ದುಂಡಗೆ ಕೂತವು. ಕಾಳುಮೆಣಸಿನ ಪುಡಿ ಉದುರಿಸಿ ಮುಚ್ಚಿದ. ಎರಡು ನಿಮಿಷಕ್ಕೆ ಮುಚ್ಚಳ ತೆಗೆದಾಗ ಬೆಳ್ಳುಳ್ಳಿ, ಕಾಳುಮೆಣಸು, ಹುಳಿ ಎಲ್ಲ ಸೇರಿ ಮನೆ ತುಂಬಿತು. ಸೀದ ವಾಸನೆ ಎಲ್ಲಿಗೆ ಹೋಯಿತೋ. ಅನ್ನದ ಮೇಲಿಟ್ಟಿದ್ದ ಈರುಳ್ಳಿ ತೆಗೆದೆಸೆದು, ಎರಡು ತಟ್ಟೆಗೆ ಬಡಿಸಿದ. ಹಳದಿ ಒಡೆದದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡ.

"ಬಲಗಡೆ ಅನ್ನ, ಎಡಗಡೆ ಮೊಟ್ಟೆ. ಬಿಸಿ ಇದೆ, ನೋಡಿಕೊಂಡು," ಎಂದ.

ಅತ್ತೆ ಬೆರಳ ತುದಿಯಿಂದ ತಟ್ಟೆಯ ಅಂಚು ಹುಡುಕಿ, ಕಲಸಿ, ಮೊದಲ ತುತ್ತು ಬಾಯಿಗಿಟ್ಟರು. ಅವನು ಇಂಟರ್ವ್ಯೂಗೆ ಬಂದವನ ಹಾಗೆ ಕಾದ.

"ಉಪ್ಪು ಸಾಲದು," ಎಂದರು. ಇನ್ನೊಂದು ತುತ್ತು ತಿಂದರು. "ಬೇರೆ ಎಲ್ಲಾ ಸರಿ ಇದೆ." ಅವರಿಗೆ ಹಸಿವಿಲ್ಲ ಎಂದು ಹೇಳಿದ್ದು ಸುಳ್ಳು ಎಂದು ಅವನಿಗೆ ಗೊತ್ತಾಯಿತು, ಏಕೆಂದರೆ ಎರಡನೆಯ ಸಲ ಬಡಿಸುವಾಗ ಬೇಡ ಎನ್ನಲಿಲ್ಲ. ತಿನ್ನುತ್ತಾ ತಿನ್ನುತ್ತಾ ತಮ್ಮ ಗಂಡನ ಬಗ್ಗೆ ಹೇಳಿದರು. ಊಟಕ್ಕೆ ಕೂತರೆ ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಯಾವುದಾದರೂ ಬಣ್ಣ ಇರುತ್ತಿತ್ತಂತೆ. ನೀಲಿ ಇದ್ದರೆ ಆಸ್ಪತ್ರೆ, ಹಳದಿ ಇದ್ದರೆ ಸ್ಕೂಲು, ಎಂದು ಮಗಳು ಊಹೆ ಮಾಡುತ್ತಿದ್ದಳಂತೆ. ಆ ಮನುಷ್ಯನ ಬಗ್ಗೆ ಅವರು ಹೀಗೆ, ಅಳದೆ, ಒಂದು ಊಟದ ಉದ್ದಕ್ಕೂ ಮಾತಾಡಿದ್ದು ಬಹುಶಃ ಅದೇ ಮೊದಲು.

ಊಟ ಮುಗಿದು ಅವನು ತಟ್ಟೆ ತೊಳೆಯುತ್ತಿದ್ದಾಗ ಹೆಂಡತಿಯ ಫೋನು ಬಂತು. ಕೈ ಒದ್ದೆಯಿದ್ದುದರಿಂದ ಅತ್ತೆಯೇ ಎತ್ತಿದರು.

"ಆಯ್ತು ಕಣೇ ಊಟ. ನಿನ್ನ ಗಂಡನೇ ಮಾಡಿದ. ಚೆನ್ನಾಗಿತ್ತು. ಒಂದು ಪಾತ್ರೆ ಸುಟ್ಟಿದ್ದಾನೆ, ಬಯ್ಯಬೇಡ." ಆ ಕಡೆಯಿಂದ ಹೆಂಡತಿ ಏನೋ ಕೇಳಿರಬೇಕು, ಬಹುಶಃ 'ಮಾಡಿದರು' ಎನ್ನುವ ಅಮ್ಮ 'ಮಾಡಿದ' ಎಂದದ್ದಕ್ಕೆ. "ಹೌದು, ಮಾಡಿದ ಅಂತಾನೇ ಅಂದೆ. ಅವನೇ ಹಾಗೆ ಕರೀರಿ ಅಂದ." ಅತ್ತೆ ದನಿ ಬದಲಿಸಿ ಹೇಳಿದರು. "ನಾಳೆ ಬೆಳಿಗ್ಗೆ ಬಂದು ನಿದ್ದೆ ಮಾಡು. ಎದ್ದ ಮೇಲೆ ನಿನ್ನ ಹತ್ರ ಸ್ವಲ್ಪ ಮಾತಾಡ್ಬೇಕು. ನಿಮ್ಮಪ್ಪನ ವಿಷಯ. ಇಲ್ಲ ಇಲ್ಲ, ಗಾಬರಿ ಆಗೋ ಅಂಥದ್ದೇನಿಲ್ಲ. ಹಳೇ ಮಾತು. ಇವನೂ ಜೊತೇಲಿರ್ತಾನೆ."

ನಲ್ಲಿ ಕೆಳಗೆ ಅವನ ಕೈ ನಿಂತಿತು.

"ಮಾತ್ರೆ ನುಂಗಿದೆ. ಕಣ್ಣಿನ ಡ್ರಾಪ್ಸಾ? ಅದಿನ್ನೂ ಇಲ್ಲ. ನೀನು ಬಂದ ಮೇಲೆ..." ಎಂದವರು ತಡೆದರು. "ಇರಲಿ. ಇವನ ಹತ್ರಾನೇ ಹಾಕಿಸ್ಕೋತೀನಿ."

ಅವನು ಕೈಯನ್ನು ಸೋಪು ಹಚ್ಚಿ ಒಂದಲ್ಲ ಎರಡಲ್ಲ, ಹತ್ತು ಸಲ ತೊಳೆದ. ಅತ್ತೆ ಸೋಫಾದ ಮೇಲೆ ತಲೆ ಹಿಂದಕ್ಕಿಟ್ಟು ಮಲಗಿದರು. ಮುಚ್ಚಳದ ಟೇಪನ್ನು ಅವನು ಚರ್ಮಕ್ಕೆ ನೋವಾಗದಂತೆ ಮೆಲ್ಲಗೆ ಬಿಡಿಸಿದ. ಒಳಗಿದ್ದ ಕಣ್ಣು ಕೆಂಪಗಿತ್ತು, ಒದ್ದೆಯಾಗಿತ್ತು. ಅದು ಒಂದೆರಡು ಸಲ ಮಿಟುಕಿ, ಅವನ ಮುಖದ ಮೇಲೆ ನಿಂತಿತು.

"ಕಾಣ್ತಿದೆಯಾ ಅತ್ತೆ?"

"ಕಾಣ್ತಿದೆ. ಮೀಸೆ ಒಂದು ಕಡೆ ದಪ್ಪ ಇದೆ, ಇನ್ನೊಂದು ಕಡೆ ಇಲ್ಲ. ಯಾರೂ ಹೇಳಲಿಲ್ವಾ ನಿನಗೆ?"

"ಇಲ್ಲ."

"ನಾಳೆ ಸರಿ ಮಾಡ್ಕೋ. ಈಗ ಹಾಕು."

ಅವನು ಬಾಟಲಿ ಎತ್ತಿ ಹಿಡಿದ. ಕೈ ಸಣ್ಣಗೆ ನಡುಗುತ್ತಿತ್ತು.

"ನಡುಗ್ತಿದೆಯಲ್ಲೋ ಕೈ. ಅಷ್ಟು ಎತ್ತರದಲ್ಲಿ ಕೆಲಸ ಮಾಡೋನು."

"ಅಲ್ಲಿ ನಡುಗಲ್ಲ ಅತ್ತೆ. ಅಲ್ಲಾಡಬೇಡಿ. ಮೇಲೆ ನೋಡಿ."

ಅತ್ತೆ ಮೇಲೆ ನೋಡಿದರು. ಹನಿ ಸರಿಯಾಗಿ ಕಣ್ಣಿನ ನಡುವೆಯೇ ಬಿತ್ತು.